ಬಡಿಸದ ಎಲೆ

ಚೆಂಡು ಮತ್ತೆ ಬೇರೆ ಕಡೆಗೇ ಹೋಯಿತು. ಟೀವಿಯಲ್ಲಿ ಆ ಹೊಸ ಹುಡುಗ ಮೈದಾನದ ಅಂಚಿನಲ್ಲಿ ಒಬ್ಬನೇ ಕೈ ಎತ್ತಿ ನಿಂತಿದ್ದ. ಎಸೆಯುವವನು ಅತ್ತ ತಿರುಗಿಯೂ ನೋಡಲಿಲ್ಲ.

"ಐದನೇ ವಾರಾನೂ ಸೊನ್ನೆ!" ಪರದೇಶದ ಎಟೋಬಿಕೋಕ್ ಊರಿನ ಬೇಸ್‌ಮೆಂಟ್ ಮನೆಯಲ್ಲಿ ವೀರೇಶ ಸೋಫಾ ಗುದ್ದಿದ. ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕನ್ ಫುಟ್‌ಬಾಲು ಅದು. ಆ ಹುಡುಗ, ಆಫೀಸಿನವರ ಫ್ಯಾಂಟಸಿ ಫುಟ್‌ಬಾಲ್ ಪಂತದಲ್ಲಿ ವೀರೇಶ ಹಟ ಹಿಡಿದು ತನ್ನ ತಂಡಕ್ಕೆ ಆರಿಸಿಕೊಂಡಿದ್ದ ಆಟಗಾರ. ಅಲ್ಲಿ ಅವನು ಚೆಂಡು ಹಿಡಿದರೆ ಮಾತ್ರ ಇಲ್ಲಿ ವೀರೇಶನಿಗೆ ಪಾಯಿಂಟು. "ಬರೇ ಸೋಲೂ ಟೀಮಿನಾಗ ಸಿಕ್ಕೊಂಡಾನ ಬೇ ಅವ್ವಾ. ಇಂವನ್ನ ನನ್ನ ಲಿಸ್ಟಿನಿಂದ ಡ್ರಾಪ್ ಮಾಡತೇನಿ," ಎಂದು ಲ್ಯಾಪ್‌ಟಾಪು ಎಳೆದುಕೊಂಡ.

ಧಾರವಾಡದಿಂದ ಬಂದಿದ್ದ ತಾಯಿ ಗೌರವ್ವ ಟೀವಿಯಿಂದ ಕಣ್ಣು ಕೀಳಲಿಲ್ಲ. "ಊಟದ ಪಂಕ್ತಿಯೊಳಗ ಕುಂತಾಂವಗ ಇನ್ನೂ ಯಾರೂ ನೀಡೇ ಇಲ್ಲ. ನೀ ಅಂವನ್ನ ಎಬ್ಬಸಾಕ ಹೊಂಟೀಯಲ್ಲೋ!"

ವೀರೇಶ ಲ್ಯಾಪ್‌ಟಾಪನ್ನು ಧಪ್ಪನೆ ಮುಚ್ಚಿದ. "ಲೇ, ಆ ಕಡೆ ನೋಡಲೇ!" ಎಂದು ಟೀವಿಯಲ್ಲಿ ಚೆಂಡು ಎಸೆಯುವವನಿಗೆ ಕೂಗಿದ.