ಬಲಗಡೆಯ ಕಾರ್ಬೊರೇಟರ್

ಭಾವ ಎರಡೂ ಕಿವಿಗೆ ಟ್ಯೂಬು ಸಿಕ್ಕಿಸಿಕೊಂಡು ಬೈಕಿನ ಮೇಲೆ ಕೂತಿದ್ದ. ಟ್ಯೂಬುಗಳ ಇನ್ನೊಂದು ತುದಿ ಜೋಡಿ ಕಾರ್ಬೊರೇಟರುಗಳ ಬಾಯಲ್ಲಿ: ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ. ಎಂಜಿನ್ ಗಾಳಿ ಎಳೆಯುವ ಸುಯ್ಯೆನ್ನುವ ಸದ್ದು ಎರಡು ಕಡೆಯೂ ಒಂದೇ ಸಮ ಕೇಳಿದರೆ ಎರಡು ಸಿಲಿಂಡರೂ ಸಮನಾಗಿ ದುಡಿಯುತ್ತಿವೆ ಎಂದು ಲೆಕ್ಕ. ಬೈಕು ಕೊಂಡಾಗಿನಿಂದ ಅವನು ಹೊಂದಿಸುತ್ತಿದ್ದದ್ದು ಹೀಗೇ. ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಅವನ ಹೆಂಡತಿ, ಡಾಕ್ಟರು ಇವತ್ತೂ ರೋಗಿಯನ್ನು ಬಿಡುವ ಹಾಗೆ ಕಾಣುವುದಿಲ್ಲ ಎಂದು ತನ್ನ ತಮ್ಮನಿಗೆ ಹೇಳಿ ನಕ್ಕಳು.

ರೋಗಿ ಮಾತ್ರ ವಾಸಿಯಾಗುತ್ತಿರಲಿಲ್ಲ. ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಬಲಗಡೆಯ ಸೈಲೆನ್ಸರ್ ಗುಡುಗಿದರೆ ಎಡದ್ದು ಕೆಮ್ಮುತ್ತಿತ್ತು. ಭಾವ, ಬಿಗಿದಷ್ಟೂ ಕಾರ್ಬೊರೇಟರಿನ ಬಾಯಿ ತೆರೆಯುವ ಬಲದ ಸ್ಕ್ರೂವನ್ನು ಇನ್ನಷ್ಟು ಬಿಗಿದ, ನಡುಕ ಇನ್ನಷ್ಟು ಹೆಚ್ಚಿತು. ದಿನಾ ಅದೇ ಬೈಕಿನ ಹಿಂದೆ ಕೂತು ಕೆಲಸಕ್ಕೆ ಹೋಗುವ ಮೈದುನನಿಗೆ ಹಲ್ಲು ಸಡಿಲವಾಗುವುದೊಂದು ಬಾಕಿ. ಅದಕ್ಕೇ ಅವನು ಗೆಳೆಯನ ಗ್ಯಾರೇಜಿನಿಂದ ಎಂಜಿನ್ನಿನ ಎಳೆತ ಅಳೆಯುವ ಎರಡು ಗೇಜು ತಂದಿದ್ದ. ಎಂಜಿನ್‌ಗೆ ಸಿಕ್ಕಿಸಿದ. ಬಲಗಡೆಯ ಮುಳ್ಳು ಎಡದ್ದಕ್ಕಿಂತ ಎಷ್ಟೋ ಕೆಳಗೆ ನಿಂತಿತು. ಬಲದ ಕಾರ್ಬೊರೇಟರ್ ಅತಿಯಾಗಿ ಬಾಯಿ ತೆರೆದಿದೆ ಎಂದು ಅದರ ಅರ್ಥ. ಮೈದುನ ಅದನ್ನು ಹೇಳಿದ.

"ಹಸಿವಾಯ್ತಾ ಅಂತ ಗಡಿಯಾರ ನೋಡಿ ಹೇಳೋ ಗಿರಾಕಿ ನೀನು," ಎಂದ ಭಾವ. "ನನಗೆ ಕಿವಿ ಇದೆ ಕಣಯ್ಯ."

ಗೇಜೇ ಕೆಟ್ಟಿರಬೇಕು ಎಂದೂ ಸೇರಿಸಿದ. ಮೈದುನ ಎಡದ ಗೇಜನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ಈಗಲೂ ಬಲಗಡೆಯ ಮುಳ್ಳೇ ಕೆಳಗೆ. ಹಾಗಾದರೆ ಗೇಜುಗಳ ತಪ್ಪಲ್ಲ. ಭಾವ ಒಪ್ಪುವ ಹಾಗೆ ಕಾಣಲಿಲ್ಲ. ಮೈದುನನಿಗೆ ತಮಾಷೆ ಹೊಳೆಯಿತು.

"ನಿಮ್ಮ ಟ್ಯೂಬನ್ನೂ ಅದಲು ಬದಲು ಮಾಡಿ ಭಾವ. ನ್ಯಾಯ ಅಂದ್ಮೇಲೆ ಇಬ್ಬರಿಗೂ ಒಂದೇ."

ಭಾವ ನಗುತ್ತಲೇ ಟ್ಯೂಬುಗಳನ್ನು ಎದೆಯ ಮುಂದೆ ಅಡ್ಡ ಹಾಯಿಸಿ, ಬಲದ ಕಾರ್ಬೊರೇಟರಿನದನ್ನು ಎಡಗಿವಿಗೆ ಇಟ್ಟುಕೊಂಡ. ಕಾದ ಪಾತ್ರೆ ಮುಟ್ಟಿದವನ ಹಾಗೆ ತಟ್ಟನೆ ತೆಗೆದ. ಮತ್ತೆ ಇಟ್ಟ. ಇನ್ನೊಂದನ್ನು ಬಲಗಿವಿಯೊಳಗೆ ಒತ್ತಿದ, ಇನ್ನೂ ಒತ್ತಿದ, ಮುಖ ಗಂಟಿಕ್ಕಿಕೊಂಡ. ಆಮೇಲೆ ಆ ಟ್ಯೂಬಿನೊಳಗೆ ಊದಿ, ಇದರಲ್ಲಿ ಕಸ ಕಟ್ಟಿದೆ ಎಂದ. ಮೈದುನ ಅದನ್ನು ಇಸಿದುಕೊಂಡು ತನ್ನ ಕಿವಿಗಿಟ್ಟು ನೋಡಿದ. ಟ್ಯೂಬು ಚೊಕ್ಕವಾಗಿತ್ತು. ಹೌದು, ಕಸ ಇದೆ ಎಂದ.

ಭಾವ ಒಳ್ಳೆಯ ಟ್ಯೂಬು ಎಂದುಕೊಂಡದ್ದನ್ನು ಮಾತ್ರ ಹಿಡಿದು, ಎಡಗಿವಿಯಿಂದಲೇ ಆ ಕಾರ್ಬೊರೇಟರನ್ನೊಮ್ಮೆ ಈ ಕಾರ್ಬೊರೇಟರನ್ನೊಮ್ಮೆ ಕೇಳುತ್ತ, ಬಲದ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸುತ್ತ ಬಂದ. ಮುಳ್ಳುಗಳೆರಡೂ ಒಂದೇ ಗೆರೆಗೆ ಬಂದು ನಿಂತವು. ನಡುಕ ಹೋಯಿತು. ಟ್ಯಾಂಕಿನ ಮೇಲಿಟ್ಟಿದ್ದ ಸ್ಪ್ಯಾನರು ಗಲಗಲ ಅನ್ನುವುದನ್ನು ಬಿಟ್ಟು ತೆಪ್ಪಗೆ ಮಲಗಿತು.

ಮೈದುನ ಮುಳ್ಳುಗಳನ್ನು ನೋಡುತ್ತಿರಲಿಲ್ಲ. ಕಬ್ಬಿಣದ ಯಾರ್ಡಿನಲ್ಲಿ ಭಾವ ಕ್ರೇನ್ ಓಡಿಸುತ್ತಾನೆ; ಕೆಳಗೆ ನಿಂತು ತೊಲೆಗಳಿಗೆ ಸರಪಳಿ ಬಿಗಿಯುವವನು ಇವನು. ತೊಲೆ ತಲೆಯ ಮೇಲೆ ತೂಗುವಾಗ ವಾಕಿಟಾಕಿಯಲ್ಲಿ ಹೇಳುವ 'ನಿಲ್ಸಿ' ಎನ್ನುವ ಮಾತೊಂದೇ ಇವನಿಗೆ ಗತಿ. ಮೇಲೆ ಕ್ಯಾಬಿನ್ನಿನಲ್ಲಿ ವಾಕಿಟಾಕಿ ಇರುವುದು ಭಾವನ ಬಲಗಡೆ. ಹೋದ ವಾರ ನಿಲ್ಸಿ ನಿಲ್ಸಿ ಎಂದು ಬಾಯಿ ಬಡಿದುಕೊಂಡರೂ ತೊಲೆ ಇಳಿಯುತ್ತಲೇ ಬಂದು ಇವನ ಬೂಟಿನ ಪಕ್ಕ ಕೂತಿತ್ತು. ಇಬ್ಬರೂ ಸೇರಿ ಬ್ಯಾಟರಿಯನ್ನು ಬೈದು, ಹೊಸದು ಹಾಕಿಸಿದ್ದರು. ಕಿವಿ ಕೇಳದವನನ್ನು ಯಾರ್ಡಿನವರು ಕ್ರೇನ್ ಹತ್ತಿಸುವುದಿಲ್ಲ, ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸುತ್ತಾರೆ. ಇವನಿಗೆ ಅಲ್ಲಿ ಕೆಲಸ ಕೊಡಿಸಿದ್ದೂ ಭಾವನೇ.

ಎಂಜಿನ್ ಓಡುತ್ತಲೇ ಇತ್ತು. ಮೈದುನ ಬೈಕಿನ ಬಲಗಡೆ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರುಗಳನ್ನು ಒರೆಸತೊಡಗಿದ. ತಲೆ ಎತ್ತದೆ, ಮೆಲ್ಲಗೆ ಹೇಳಿದ:

"ಭಾವ, ನಾಳೆಯಿಂದ ನಿಮ್ಮ ಕ್ರೇನ್ ಕೆಳಗೆ ನಾನು ನಿಲ್ಲಲ್ಲ. ಯಾರ್ಡಲ್ಲಿ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ಬೇಕಾಗುತ್ತೆ."

ಎಂಜಿನ್ನಿನ ಕಡೆ ಕತ್ತು ವಾಲಿಸಿಕೊಂಡಿದ್ದ ಭಾವ ತೃಪ್ತಿಯಿಂದ ತಲೆಯಾಡಿಸಿದ. "ಹೂಂ. ಈಗ ನೋಡು, ಎರಡಕ್ಕೂ ಒಂದೇ ಉಸಿರು."

ಅಕ್ಕ ಯಾವಾಗಲೋ ಬಟ್ಟೆ ಬಿಟ್ಟು ಬಂದು ಬೈಕಿನ ಎಡಗಡೆ ನಿಂತಿದ್ದಳು. ಗಂಡನ ಮುಖ ನೋಡಿದಳು. ಅವನ ತಲೆಯಾಚೆ ತಮ್ಮನನ್ನು ನೋಡಿದಳು. ಒದ್ದೆ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಲ್ಲಿ ಕೂತು ಹೇಳ್ಬೇಡ ಕಣೋ," ಎಂದಳು. "ಈ ಕಡೆ ಬಂದು ಹೇಳು."