ಸಾಹೇಬರ ಕೆಮ್ಮು

ಸಂದೀಪ ಅಡುಗೆಮನೆಯ ಬಾಗಿಲು ಹಾಕಿಕೊಂಡ. ಗಂಟಲು ಸರಿಮಾಡಿಕೊಂಡು ಫೋನ್ ಹಚ್ಚಿದ.

“ಖೊಕ್ ಖೊಕ್... ಗುಡುಸಾಬ್ರೇ, ನಾನು ಕೊರಗಪ್ಪ. ಚಹಾ ಆಯ್ತಾ?”

“ಆತ್ರಿ ಸಾಹೇಬ್ರ!” ಆ ಕಡೆಯ ದನಿ ಎದ್ದು ನಿಂತಿತು.

“ಜಲದರ್ಶನ ಸೊಸೈಟಿಗೆ ಇವತ್ತೂ ಅರ್ಧ ಗಂಟೆ ಜಾಸ್ತಿ ಬಿಡಿ. ಪಾಪದ ಜನ ಮಾರಾಯ್ರೆ. ಖೊಕ್... ಗೊತ್ತಾಯ್ತಲ್ಲ?”

“ಹಂಗಾದ್ರ ಬಂಗಲೆ ರಸ್ತೆ ಲೈನ್ ಬಂದ್ ಮಾಡಬೇಕಾಗತೈತ್ರಿ.”

“ಮಾಡಿ. ಅಲ್ಲಿಯವರಿಗೆ ದೊಡ್ಡ ಟಾಕಿ ಉಂಟು.”

ಗುಡುಸಾಬ ಚಾವಿವಾಲಾ. ಘಾಟ್ಕೋಪರ್‌ನ ಆ ಗುಡ್ಡದಲ್ಲಿ ಯಾರ ಮನೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಉದ್ದನೆಯ ಕಬ್ಬಿಣದ ಚಾವಿ ರಸ್ತೆಯ ವಾಲ್ವ್‌ನಲ್ಲಿ ಎಷ್ಟು ಸುತ್ತು ತಿರುಗಿತು ಎಂಬುದರ ಮೇಲೆ ನಿಂತಿತ್ತು. ಮೂರು ವಾರದ ಹಿಂದೆಯೇ ಈ ನಂಬರನ್ನು ‘ಕೊರಗಪ್ಪ ಸಾಹೇಬ’ ಎಂದು ಬರೆದಿಟ್ಟುಕೊಂಡಿದ್ದ. ವಾರ್ಡಿನಿಂದ ಆರಿಸಿಬಂದ ನಗರಸೇವಕರೇ ಖುದ್ದಾಗಿ ಚಹಾ ವಿಚಾರಿಸುವುದೆಂದರೆ ಸಣ್ಣ ಮಾತೇ?

ಜಲದರ್ಶನದಲ್ಲಿ ಇದ್ದದ್ದು ದರ್ಶನ ಮಾತ್ರ. ದಿನಕ್ಕೆ ಇಪ್ಪತ್ತು ನಿಮಿಷ ಬರುವ ನೀರು ಆರನೇ ಮಹಡಿ ಮುಟ್ಟುವಷ್ಟರಲ್ಲಿ ಗಾಳಿಯಾಗುತ್ತಿತ್ತು. ಲಿಫ್ಟೂ ಕೆಟ್ಟಿತ್ತು. ಸಂದೀಪ ಹೋಟೆಲಿನ ಪಾಳಿಗೆ ಹೋದ ಮೇಲೆ ತಾಯಿ ಸೇವಂತಿ ಮಂಡಿನೋವಿನಲ್ಲೇ ಕೊಡ ಹೊರುತ್ತಿದ್ದರು. ಸೊಸೈಟಿ ಕೊಟ್ಟ ಹನ್ನೊಂದು ಅರ್ಜಿಗಳಿಗೆ ಕೊರಗಪ್ಪನವರು ಬಾಯಿ ಬಿಟ್ಟಿರಲಿಲ್ಲ. ಬಿಟ್ಟದ್ದು ಒಮ್ಮೆ, ಚುನಾವಣೆಯ ಮುಂಚೆ, ಇದೇ ಅಂಗಳದಲ್ಲಿ, ಭಾರೀ ನೆಗಡಿ-ಕೆಮ್ಮಿನ ನಡುವೆ. ಸಂದೀಪ ಆ ಭಾಷಣವನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಅದನ್ನೇ ಕೇಳಿ ಕೇಳಿ ಕಲಿತ. ಅರ್ಜಿಗೆ ಬಾರದ ನೀರು ಕೆಮ್ಮಿಗೆ ಬಂತು.

ಬುಧವಾರ ಸೊಸೈಟಿಯ ಹರಟೆ ವಾರ್ಡ್ ಕಚೇರಿ ಮುಟ್ಟಿತು. ಇಂಜಿನಿಯರ್ ಗುಡುಸಾಬನನ್ನು ಕರೆಸಿದ. “ಯಾರೋ ಕೊರಗಪ್ಪನವರ ದನಿ ತೆಗೆದು ನೀರು ತಿರುಗಿಸ್ತಿದ್ದಾನಂತೆ. ಅವನು ಸಿಗೋ ತನಕ ಜಲದರ್ಶನ, ಬಂಗಲೆ ರಸ್ತೆ, ಎರಡೂ ಲೈನ್ ಬಂದ್. ಮೋಸ ಹೋದರೆ ನಿನ್ನ ನೌಕರಿ ಇಲ್ಲ. ಸಿಕ್ಕರೆ ಅವನಿಗೆ ಪೊಲೀಸ್.”

“ನಮ್ಮ ಸಾಹೇಬ್ರ ಕೆಮ್ಮು ನನಗ ಗೊತ್ತಿಲ್ಲೇನ್ರಿ?” ಎಂದ ಗುಡುಸಾಬ.

ಸುದ್ದಿ ಆರನೇ ಮಹಡಿಗೂ ಬಂತು. ನೀರಿಗಿಂತ ಬೇಗ.

“ಸಾಕು ಮಗಾ,” ಎಂದರು ಸೇವಂತಿ. “ಕೊಡ ಹೊತ್ತುಕೊಂಡು ಈ ಮೆಟ್ಟಿಲು ಹತ್ತಿಯೇನು. ಠಾಣೆಯ ಮೆಟ್ಟಿಲು ನನ್ನಿಂದ ಆಗ್ಲಿಕ್ಕಿಲ್ಲ.” ಸಿಮ್ ಕಿತ್ತು ಅಕ್ಕಿಡಬ್ಬದಲ್ಲಿ ಹುಗಿದರು.

ಶನಿವಾರ ಬೆಳಗ್ಗೆ ಕೊಡಗಳೆಲ್ಲ ಬೋರಲು. ಅಂಗಡಿಯವನು ಕೊಟ್ಟ ಅರ್ಧ ಕೊಡ ನೀರು ಹೊತ್ತು ಬರುತ್ತಿದ್ದ ಸೇವಂತಿ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. “ನೀನು ಹೋಗು, ನಾನು ನಿಧಾನ ಬರ್ತೇನೆ,” ಎಂದರು ಎದುರು ಇಳಿದು ಬಂದ ಮಗನಿಗೆ. ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಸಂದೀಪ ಮೇಲೆ ಓಡಿದ. ತಾಯಿಯ ಫೋನ್ ಎತ್ತಿಕೊಂಡ. ಪೊಲೀಸರಾದರೆ ಪೊಲೀಸರು. ಒಣಗಿದ ಗಂಟಲಿನಲ್ಲಿ ಕೆಮ್ಮಿ ನೋಡಿದ. ಕೊರಗಪ್ಪ ಬರಲಿಲ್ಲ.

ಗುಡುಸಾಬನ ಫೋನ್ ಬಡಿದುಕೊಂಡಿತು. ಹೆಸರಿಲ್ಲ, ಬರೀ ನಂಬರ್.

“ನಾನು ಕೊರಗಪ್ಪ! ನೀರು ಬಿಡು ಮಾರಾಯ, ಈಗ್ಲೇ!”

ಗುಡುಸಾಬ ಮೀಸೆಯಲ್ಲೇ ನಕ್ಕ. “ಕೆಮ್ಮು ಎಲ್ಲೈತಿ?”

“ಎಂತ ಕೆಮ್ಮು?”

“ನಮ್ಮ ಸಾಹೇಬ್ರು ಕೆಮ್ಮದ ಮಾತಾಡಂಗಿಲ್ಲ. ಮೊದಲ ಚಹಾ ಕೇಳ್ತಾರ. ‘ಗುಡುಸಾಬ್ರೇ’ ಅಂತಾರ. ನೀ ಯಾರಲೇ?”

ಬೇರೆ ದಾರಿ ಕಾಣದೆ, ಆ ಕಡೆಯಿಂದ ಒಂದು ಕೆಮ್ಮು.

“ಥೂ! ಕುರಿ ಸೀನಿದಂಗ ಐತಿ. ಸಾಹೇಬ್ರ ಮಾತು ಚಂದಂಗ ಕೇಳಿ ಕಲಿ, ಆಮ್ಯಾಲ ಫೋನ್ ಮಾಡು.”

ಕಳ್ಳ ಸಿಕ್ಕ. ಇನ್ನು ಸಾಹೇಬರ ಹಳೇ ಹುಕುಂ ನಡೆಯಬೇಕಲ್ಲ: ಜಲದರ್ಶನಕ್ಕೆ ಜಾಸ್ತಿ, ಬಂಗಲೆ ರಸ್ತೆ ಬಂದ್. ಗುಡುಸಾಬ ಚಾವಿ ಎತ್ತಿ ಜಲದರ್ಶನದ ವಾಲ್ವ್ ಪೂರ್ತಿ ತಿರುಗಿಸಿದ.

ಆರನೇ ಮಹಡಿಯ ನಲ್ಲಿ ಎರಡು ಸಲ ಕೆಮ್ಮಿ ನೀರು ಕಕ್ಕಿತು. ಸಂದೀಪ ಬೆಚ್ಚಿ ಕೈಯಲ್ಲಿದ್ದ ಫೋನ್ ನೋಡಿದ. ಅವನಿನ್ನೂ ನಂಬರ್ ಒತ್ತಿರಲೇ ಇಲ್ಲ.

ಬಂಗಲೆ ರಸ್ತೆಯ ಬಚ್ಚಲಿನಲ್ಲಿ, ತಲೆತುಂಬ ಸೋಪಿನ ನೊರೆ ಹೊತ್ತು ನಿಂತಿದ್ದ ನಗರಸೇವಕ ಕೊರಗಪ್ಪನವರು ಕನ್ನಡಿಯ ಮುಂದೆ ಕೆಮ್ಮುವುದನ್ನು ಅಭ್ಯಾಸ ಮಾಡತೊಡಗಿದರು.