ಹಿಂದಿನ ಸಾಲು

ಸತ್ತವರೂ ಸಭೆಗಳಿಗೆ ಬರತೊಡಗಿದ ಮೇಲೆ ಪುರಭವನದ ಹಿಂದಿನ ಸಾಲುಗಳನ್ನು ಅವರಿಗೇ ಬಿಟ್ಟಿದ್ದರು. ಮಾಜಿ ವಿದೇಶಾಂಗ ಸಚಿವ ನರಹರಿರಾಯರ ಶ್ರದ್ಧಾಂಜಲಿ ಸಭೆಗೆ, ಅವರು ಬಾಂಬು ಹಾಕಿಸಿದ್ದ ದ್ವೀಪದ ಜನ ಊರಿಗೆ ಊರೇ ಬಂದು ಅಲ್ಲಿ ಕೂತಿತ್ತು.

ವೇದಿಕೆಯ ಮೇಲೆ ಶಿಷ್ಯನೊಬ್ಬ ರಾಯರ ಹಾಸ್ಯಪ್ರಜ್ಞೆಯನ್ನು ನೆನೆದ. “‘ಆ ದ್ವೀಪದಲ್ಲಿ ಜನ ಇದಾರಲ್ಲ ಸಾರ್’ ಅಂದೆ. ‘ನಕ್ಷೇಲಿ ಒಬ್ರೂ ಕಾಣ್ತಿಲ್ವಲ್ರೀ’ ಅಂದ್ರು!”

ಮುಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ರಾಯರೇ ಬಂದರು. ಎಂದಿನಂತೆ ಮೊದಲ ಸಾಲಿನತ್ತ ನಡೆದವರನ್ನು ಸ್ವಯಂಸೇವಕಿ ಪದ್ಮಾಕ್ಷಿ ತಡೆದಳು.

“ಇದು ಬದುಕಿರೋರ ಜಾಗ ಸಾರ್. ನಿಮ್ಮದು ಹಿಂದೆ.”

ಹಿಂದೆ ಖಾಲಿಯಿದ್ದದ್ದು ಒಂದೇ ಕುರ್ಚಿ. ಪಕ್ಕದಲ್ಲಿದ್ದ, ಅರ್ಧ ಮುಖ ಸುಟ್ಟುಹೋಗಿದ್ದ ಮುದುಕಿ ಸರಿದು ದಾರಿ ಬಿಟ್ಟಳು.

“ಬನ್ನಿ, ಕೂತ್ಕೊಳ್ಳಿ. ಮುಂದೆ ಎಲ್ರೂ ನಗ್ತಿದ್ರು, ನಮಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ನೀವೇ ಹೇಳಿ.”